‘ಪ್ರಕೃತಿವಿರುದ್ಧ’ವೆಂಬ ಮಾತಿನ ಮೂಲವಿಚಾರ

ಭಾರತೀಯ ದಂಡಸಂಹಿತೆಯ 377ನೆಯ ವಿಧಿಯನ್ನು ಕುರಿತ ವಾದವು ನ್ಯಾಯಸ್ಥಾನದಲ್ಲಿ ಮುಗಿದಿದ್ದರೂ ವಿದ್ವಾಂಸರ ನಡುವೆ ಮುಗಿದಿಲ್ಲ. ಪ್ರಾಪ್ತವಯಸ್ಕರಾದ ಪುರುಷರಿಬ್ಬರ ಸಮ್ಮತಿಯ ಸಂಬಂಧವನ್ನೂ ಅಪರಾಧವೆಂದೆಣಿಸುತ್ತಿದ್ದ ಆ ವಿಧಿಯೇ ಪರದೇಶದ್ದೆಂದು ಒಂದು ಪಕ್ಷದವರು ಹೇಳುವರು. ಅದನ್ನು ತೆಗೆಯಬೇಕೆಂಬ ಬುದ್ಧಿಯೇ ಪರದೇಶದಿಂದ ಬಂದುದೆಂದು ಮತ್ತೊಂದು ಪಕ್ಷದವರು ಹೇಳುವರು. ಇಬ್ಬರೂ ನಮ್ಮ ಶಾಸ್ತ್ರಗಳನ್ನೇ ಸಾಕ್ಷಿಗೆ ಕರೆಯುವರು. ಆದರೆ ಸಾಕ್ಷಿ ನುಡಿದುದನ್ನು ಕೊನೆಯವರೆಗೆ ಕೇಳಿದವರು ವಿರಳ.

ವಿಧಿಯ ಹುಟ್ಟಿನ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಇಂಗ್ಲೆಂಡಿನಲ್ಲಿ ಚರ್ಚಿನ ನ್ಯಾಯಸ್ಥಾನಗಳು ವಿಚಾರಿಸುತ್ತಿದ್ದ ಈ ಪಾಪವನ್ನು 8ನೆಯ ಹೆನ್ರಿಯು 1533ರಲ್ಲಿ ಮರಣದಂಡನೆಯ ರಾಜಾಪರಾಧವನ್ನಾಗಿ ಮಾಡಿದನು. ಮೆಕಾಲೆಯ 1837ರ ಕರಡಿನಲ್ಲಿ ಇದಕ್ಕೆ ಬೇರೆ ಮಾತುಗಳಿದ್ದವು. ವಿಷಯವು ಹೇಸಿಗೆಯದಾದುದರಿಂದ ಬಹಿರಂಗ ಚರ್ಚೆಯೇ ಬೇಡವೆಂಬುದು ಅವನ ಅಭಿಪ್ರಾಯ. ‘ಪ್ರಕೃತಿಯ ಕ್ರಮಕ್ಕೆ ವಿರುದ್ಧವಾದ’ ಎಂಬ ವಾಕ್ಯಾಂಶವು 1860ರ ಸಂಹಿತೆಯಲ್ಲಿ ಸೇರಿ 1862ರಿಂದ ಜಾರಿಗೆ ಬಂದಿತು. ಇದೇ ಮಾತು ಕೀನ್ಯಾ, ಉಗಾಂಡಗಳ ದಂಡಸಂಹಿತೆಗಳಿಗೂ ಆಂಗ್ಲರ ಆಳ್ವಿಕೆಯೊಡನೆ ಹೋಯಿತು.

ಇನ್ನು ನಮ್ಮ ಗ್ರಂಥಗಳು. ಪಾಠಶಾಲೆಗಳಲ್ಲಿ ಈ ಶ್ಲೋಕಗಳನ್ನು ಗುರುಗಳು ‘ಮುಂದೆ’ ಎಂದು ದಾಟಿಸಿಬಿಡುವುದು ವಾಡಿಕೆ. ದಾಟಿಸಿದ ಶ್ಲೋಕದ ಮೇಲೆ ಯಾರು ಬೇಕಾದರೂ ಏನು ಬೇಕಾದರೂ ಹೇಳಬಹುದಷ್ಟೆ! ಮನುಸ್ಮೃತಿಯ 11ನೆಯ ಅಧ್ಯಾಯವು ಪುರುಷಮೈಥುನವನ್ನು ಜಾತಿಭ್ರಂಶಕರವಾದ ಪಾಪಗಳಲ್ಲಿ ಎಣಿಸಿದೆ. ಮದ್ಯವನ್ನು ಮೂಸುವುದು, ಕುಟಿಲತನ ಮೊದಲಾದುವು ಅದರ ಪಂಕ್ತಿಯಲ್ಲಿಯೇ ಕುಳಿತಿವೆ. ಅದೇ ಅಧ್ಯಾಯದಲ್ಲಿ ಮುಂದೆ ಹೇಳಿರುವ ಶುದ್ಧಿಯೋ ಉಟ್ಟ ಬಟ್ಟೆಯ ಸ್ನಾನ. ಆದುದರಿಂದ ಶಾಸ್ತ್ರವು ಇದನ್ನು ಮೆಚ್ಚಿತೆಂದು ದೇವಾಲಯಗಳ ಶಿಲ್ಪಗಳನ್ನು ತೋರಿಸಿ ಹೇಳುವವರ ಮಾತು ನಿಲ್ಲದು. ಘೋರಪಾತಕವೆಂದಿತೆನ್ನುವವರ ಮಾತೂ ನಿಲ್ಲದು.

8ನೆಯ ಅಧ್ಯಾಯದಲ್ಲಿ ಕನ್ಯೆಯನ್ನು ಕೆಡಿಸಿದ ಸ್ತ್ರೀಗೆ ತಲೆ ಬೋಳಿಸುವುದು, ಎರಡು ಬೆರಳುಗಳನ್ನು ಕತ್ತರಿಸುವುದು, ಕತ್ತೆಯ ಮೇಲೆ ಕೂರಿಸುವುದು ಎಂಬ ಕ್ರೂರದಂಡನೆಗಳಿರುವುದು ನಿಜ. ಅದನ್ನು ಮುಚ್ಚಿಡುವುದು ಪಾಂಡಿತ್ಯವಲ್ಲ. ಆದರೆ ಮೂರು ಶ್ಲೋಕ ಹಿಂದೆ, ಬಲಾತ್ಕಾರದಿಂದ ಕನ್ಯೆಯನ್ನು ಕೆಡಿಸಿದ ಪುರುಷನಿಗೂ ಎರಡು ಬೆರಳುಗಳ ಛೇದವನ್ನೂ 600 ಪಣಗಳ ದಂಡವನ್ನೂ ವಿಧಿಸಿದೆ. ದಂಡನೆ ಕನ್ಯಾದೂಷಣಕ್ಕೆ, ಇಬ್ಬರೂ ಸ್ತ್ರೀಯರೆಂಬ ಕಾರಣಕ್ಕಲ್ಲವೆಂಬುದು ಪ್ರಕರಣದಿಂದಲೇ ಹೊರಡುವ ಅರ್ಥ.

ಅರ್ಥಶಾಸ್ತ್ರವನ್ನು ಮೈಸೂರಿನಲ್ಲಿ ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಮೇಲೆ ಈ ಚರ್ಚೆಗೆ ಮತ್ತೊಂದು ಪ್ರಮಾಣ ದೊರೆತಿತು. ಕೌಟಿಲ್ಯನು 4ನೆಯ ಅಧಿಕರಣದಲ್ಲಿ ಇದಕ್ಕೆ ವಿಧಿಸುವುದು ಪೂರ್ವಸಾಹಸದಂಡ, ಎಂದರೆ 48ರಿಂದ 96 ಪಣಗಳು. 377ನೆಯ ವಿಧಿಯ ಶಿಕ್ಷೆಯಾದರೋ ಜೀವಾವಧಿಯವರೆಗೂ ಹೋಗಬಹುದಾಗಿದ್ದಿತು. ಹಣ ತೆತ್ತು ಮನೆಗೆ ಹೋಗುವವನಿಗೂ ಸೆರೆಮನೆಯಲ್ಲಿ ಮುದುಕನಾಗುವವನಿಗೂ ಇರುವ ಅಂತರವನ್ನು ‘ನಮ್ಮ ಸಂಸ್ಕೃತಿ’ ಎಂಬ ಒಂದೇ ಮಾತಿನಲ್ಲಿ ಅಡಗಿಸಲಾಗದು.

ನನಗೆ ಮುಖ್ಯವೆಂದು ತೋರುವುದು ಪದವಿಚಾರ. ಈ ವಿಧಿಯನ್ನು ಕನ್ನಡಿಸುವವರು ‘ಪ್ರಕೃತಿವಿರುದ್ಧ’ ಎನ್ನುವರು. ಆದರೆ ನಾನು ಮೇಲೆ ಹೇಳಿದ ಸ್ಥಳಗಳಲ್ಲಿ ನಿಷೇಧಕ್ಕೆ ಪ್ರಕೃತಿಯನ್ನು ಹೇತುವಾಗಿ ಹೇಳಿಲ್ಲ. ‘ಅಯೋನಿ’ಯೆಂಬ ಬೇರೆಯ ಪರಿಭಾಷೆಯುಂಟು. ಕಾಮಸೂತ್ರದಲ್ಲಿ ಔಪರಿಷ್ಟಕವನ್ನು ಬೇಡವೆನ್ನುವ ಆಚಾರ್ಯರು ಕೊಡುವ ಕಾರಣಗಳು ಸಮಯವಿರೋಧ ಮತ್ತು ಅಸಭ್ಯತೆ. ವಾತ್ಸ್ಯಾಯನನಾದರೋ ಅದೇ ಪ್ರಕರಣದಲ್ಲಿ ಸ್ತ್ರೀರೂಪಿಣಿ, ಪುರುಷರೂಪಿಣಿಯೆಂದು ಎರಡು ಬಗೆಯಾದವರನ್ನು ‘ತೃತೀಯಾ ಪ್ರಕೃತಿ’ಯೆಂದೇ ಕರೆದನು. ಅವನ ಮಾತಿನಲ್ಲಿ ಯಾರು ಸ್ವತಃ ಒಂದು ಪ್ರಕೃತಿಯೋ ಅವರನ್ನೇ ನಾವು ಅದೇ ಶಬ್ದದಿಂದ ಪ್ರಕೃತಿಗೆ ವಿರುದ್ಧರೆಂದೆವು! ಸೃಷ್ಟಿಕರ್ತನ ಆಜ್ಞೆಯೇ ನಿಸರ್ಗದ ಕ್ರಮವೆಂಬ ಕ್ರೈಸ್ತ ಮೀಮಾಂಸಕರ ಸಿದ್ಧಾಂತವು ಸಂಸ್ಕೃತದ ಉಡುಪಿನಲ್ಲಿ ಹೀಗೆ ನಮ್ಮ ಮನೆಯನ್ನು ಹೊಕ್ಕಿತು.

ನ್ಯಾಯಸ್ಥಾನಗಳ ವಿಷಯ ಸಂಕ್ಷೇಪವಾಗಿ ಸಾಕು. 2009ರಲ್ಲಿ ದೆಹಲಿಯ ಉಚ್ಚನ್ಯಾಯಾಲಯವು ವಿಧಿಯನ್ನು ಸಂಕೋಚಗೊಳಿಸಿತು. 2013ರಲ್ಲಿ ಸರ್ವೋಚ್ಚನ್ಯಾಯಾಲಯವು ಆ ತೀರ್ಪನ್ನು ರದ್ದುಮಾಡುತ್ತ, ಪರದೇಶದ ತೀರ್ಪುಗಳನ್ನು ಕಣ್ಣುಮುಚ್ಚಿ ಅನ್ವಯಿಸಬಾರದೆಂದಿತು. ಹೀಗೆ ಪರದೇಶದ ವಿಧಿಯನ್ನು ಉಳಿಸುವುದಕ್ಕೆ ಪರದೇಶದ ಭಯವೇ ಒಂದು ಯುಕ್ತಿಯಾಯಿತು. 2018ರ ಸೆಪ್ಟೆಂಬರ್ 6ರಂದು ಪಂಚಸದಸ್ಯ ಪೀಠವು ಸಮ್ಮತಿಯುಳ್ಳ ಪ್ರಾಪ್ತವಯಸ್ಕರನ್ನು ವಿಧಿಯಿಂದ ಬಿಡಿಸಿತು. ಮುಖ್ಯ ನ್ಯಾಯಮೂರ್ತಿಗಳ ಅಭಿಪ್ರಾಯವು ಜರ್ಮನಿಯ ಗಯಟೆಯ ಮಾತಿನಿಂದ ಮೊದಲಾಗುವುದು. ಅದು ದೋಷವಲ್ಲ; ಯುಕ್ತಿಯುಕ್ತವಾದ ಮಾತು ಬಾಲಕನಿಂದಲೂ ಗ್ರಾಹ್ಯವೆಂಬುದು ನಮ್ಮವರದೇ ನ್ಯಾಯ. ಪ್ರಮಾಣವು ಎಲ್ಲಿಯದೆಂಬುದಕ್ಕಿಂತ ಅದು ಯಾರನ್ನು ಸೆರೆಗೆ ಕಳುಹಿಸುವುದೆಂಬುದು ಮೊದಲು ವಿಚಾರಣೀಯವೆಂದು ನನ್ನ ಮತ.

2024ರ ಜುಲೈ 1ರಿಂದ ನಡೆಯುತ್ತಿರುವ ಭಾರತೀಯ ನ್ಯಾಯಸಂಹಿತೆಯಲ್ಲಿ 377ನೆಯ ವಿಧಿಗೆ ಸಮವಾದುದು ಯಾವುದೂ ಇಲ್ಲ. ಹಳೆಯ ಮಾತಿನೊಡನೆ, ಬಲಾತ್ಕಾರಕ್ಕೊಳಗಾದ ಪ್ರಾಪ್ತವಯಸ್ಕ ಪುರುಷನಿಗೆ ಅದರಿಂದ ದೊರೆಯುತ್ತಿದ್ದ ರಕ್ಷಣೆಯೂ ಹೋಯಿತು. ಅಸಮ್ಮತಿಯೊಂದನ್ನೇ ಅಪರಾಧದ ಲಕ್ಷಣವಾಗಿಟ್ಟು, ‘ಪ್ರಕೃತಿ’ಯ ಹೆಸರೆತ್ತದೆ, ಆ ಸ್ಥಾನದಲ್ಲಿ ಹೊಸ ವಿಧಿಯೊಂದನ್ನು ರಚಿಸುವ ಕೆಲಸ ಇನ್ನೂ ಉಳಿದಿದೆ.