ಜಪಾನಿನಲ್ಲಿ ಸಂಸಾರ: ಹರ್ನ್ ಬರೆದದ್ದು, ಸೆತ್ಸು ಬರೆದದ್ದು

ಜಪಾನಿನ ರೀತಿನೀತಿಗಳ ಮೇಲೆ ಹೊರಗಿನವರು ಬರೆದ ಪುಸ್ತಕಗಳಲ್ಲಿ ಒಂದನ್ನು ಓದಿದರೆ ಹತ್ತನ್ನು ಓದಿದ ಹಾಗೆ. ಹೊಸ್ತಿಲ ಬಳಿ ಪಾದರಕ್ಷೆ ಬಿಡಬೇಕು, ಬಿಟ್ಟ ಮೇಲೆ ಅದರ ಮೂತಿಯನ್ನು ಬಾಗಿಲ ಕಡೆಗೆ ತಿರುಗಿಸಿಡಬೇಕು. ಅನ್ನದ ಬಟ್ಟಲಿನಲ್ಲಿ ಊಟದ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು, ಅದು ಸತ್ತವರಿಗೆ ಎಡೆಯಿಡುವ ಕ್ರಮ. ಸ್ನಾನದ ತೊಟ್ಟಿಗೆ ಇಳಿಯುವ ಮೊದಲೇ ಮೈ ತೊಳೆದಿರಬೇಕು, ಏಕೆಂದರೆ ತೊಟ್ಟಿಯ ಬಿಸಿನೀರು ಮನೆಮಂದಿಗೆಲ್ಲ ಒಂದೇ. ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಿಂದ ಕೊಡಬೇಕು. ಎಲ್ಲವೂ ನಿಜವೇ. ಎಡಗೈಯಲ್ಲಿ ಏನನ್ನೂ ಕೊಡಬೇಡ ಎಂದು ನಮ್ಮ ಅಜ್ಜಿಯಂದಿರು ಹೇಳಿಕೊಡಲಿಲ್ಲವೇ, ಹಾಗೆ. ಆದರೆ ಇವೆಲ್ಲ ನೆಂಟರು ಕಲಿಯಬೇಕಾದ ಪಾಠಗಳು. ಒಕ್ಕಲಿರಲು ಹೋದವರ ಪಾಠ ಬೇರೆ. ಅದನ್ನು ಬರೆದವರು ಕಡಿಮೆ ಎಂಬುದೇ ನನ್ನ ತಕರಾರು.

ನಾನು ಈ ಪುಸ್ತಕಗಳಿಗೆ ಕೈಹಾಕಿದ್ದಕ್ಕೆ ಮನೆಯ ಕಾರಣವಿದೆ. ನನ್ನ ತಂಗಿಯ ಮಗಳು ಗಂಡನ ಕಂಪ್ಯೂಟರ್ ಕೆಲಸದ ದೆಸೆಯಿಂದ ಟೋಕಿಯೋದ ನಿಶಿ ಕಸಾಯ್ ಎಂಬಲ್ಲಿ ಸಂಸಾರ ಹೂಡಿದ್ದಾಳೆ. 2000ದ ಆಸುಪಾಸಿನಿಂದ ಭಾರತದ ಎಂಜಿನಿಯರುಗಳು ಬಂದು ನೆಲೆಸುತ್ತಿರುವ ಬಡಾವಣೆ ಅದು. 2024ರ ಕೊನೆಯ ಹೊತ್ತಿಗೆ ಜಪಾನಿನಲ್ಲಿ ವಾಸವಾಗಿದ್ದ ಭಾರತೀಯರ ಸಂಖ್ಯೆ 50,000 ದಾಟಿತ್ತು. ಇಷ್ಟು ಜನ ಅಲ್ಲಿ ಹೇಗೆ ಬಾಳುತ್ತಾರೆಂದು ತಿಳಿಯುವ ಆಸೆ ಯಾರಿಗಾದರೂ ಆಗುವಂಥದೇ.

ಈ ಜಾತಿಯ ಬರವಣಿಗೆಗೆ ಹಿರಿಯಜ್ಜ ಎನ್ನಬಹುದಾದವನು ಲಾಫ್ಕಾಡಿಯೋ ಹರ್ನ್. 1850ರಲ್ಲಿ ಗ್ರೀಸಿನ ಒಂದು ದ್ವೀಪದಲ್ಲಿ ಹುಟ್ಟಿ, ಐರ್ಲೆಂಡಿನಲ್ಲಿ ಬೆಳೆದು, ಅಮೆರಿಕದಲ್ಲಿ ಪತ್ರಿಕೆಗಳಿಗೆ ಬರೆದು ಬದುಕಿ, 1890ರಲ್ಲಿ ಜಪಾನಿಗೆ ಬಂದವನು. ಹುಡುಗನಾಗಿದ್ದಾಗಲೇ ಒಂದು ಕಣ್ಣು ಹೋಗಿತ್ತು. ಸರೋವರದ ದಡದ ಮತ್ಸುಎ ಎಂಬ ಊರಿನಲ್ಲಿ ತಿಂಗಳಿಗೆ 100 ಯೆನ್ ಸಂಬಳದ ಮೇಲೆ ಇಂಗ್ಲಿಷ್ ಮೇಷ್ಟ್ರಾದ. ಅಲ್ಲಿಯ ಅನುಭವವೇ ಬಹುಪಾಲು ತುಂಬಿರುವ ‘ಗ್ಲಿಂಪ್ಸಸ್ ಆಫ್ ಅನ್‌ಫೆಮಿಲಿಯರ್ ಜಪಾನ್’ ಎಂಬ ಗ್ರಂಥ 1894ರಲ್ಲಿ ಎರಡು ಸಂಪುಟಗಳಾಗಿ ಹೊರಬಂತು.

ಅದರಲ್ಲಿ ಕೈತೋಟದ ಮೇಲೊಂದು ಅಧ್ಯಾಯ, ಜಪಾನೀಯರ ಮುಗುಳ್ನಗೆಯ ಮೇಲೆ ಇನ್ನೊಂದು. ಭಾಷೆ ಸೊಗಸಾಗಿದೆ, ಒಪ್ಪಿದೆ. ಆದರೆ ಓದುತ್ತ ಹೋದಂತೆ ಪಿಂಗಾಣಿ ಅಂಗಡಿಯಲ್ಲಿ ಸೆರಗು ಬಿಗಿಹಿಡಿದು ನಡೆದ ಹಾಗಾಗುತ್ತದೆ. ತೋಟದ ಒಂದೊಂದು ಕಲ್ಲಿಗೂ ಗಿಡಕ್ಕೂ ಅರ್ಥವಿದೆ, ಕಪ್ಪೆಗೆ ಕಥೆಯಿದೆ. ಆ ತೋಟವನ್ನು ದಿನಾ ಗುಡಿಸಿದವರು ಯಾರು ಎಂದು ಕೇಳಬೇಕೆನ್ನಿಸುತ್ತದೆ. ಗುಡಿಸಿ ಅಭ್ಯಾಸವಿರುವವರ ಪ್ರಶ್ನೆ ಅದು. ಹರ್ನ್ ಮಹಾಶಯನಿಗೆ ಹೊಳೆಯದಿದ್ದರೆ ಆಶ್ಚರ್ಯವಿಲ್ಲ.

ಅದೇ ಗ್ರಂಥದಲ್ಲಿರುವ ಇಂಗ್ಲಿಷ್ ಮೇಷ್ಟ್ರ ದಿನಚರಿ ಮಾತ್ರ ಬೇರೆಯೇ ಮಣ್ಣಿನದು. ಇಲ್ಲಿ ಅವನು ನೋಡುವವನಲ್ಲ, ದುಡಿಯುವವನು. ಗಂಟೆ ಹೊಡೆಯುತ್ತದೆ, ಹಾಜರಿ ಆಗುತ್ತದೆ, ಪ್ರಬಂಧದ ಪುಸ್ತಕಗಳು ತಿದ್ದಲು ಬರುತ್ತವೆ. ಒಂದೇ ವಿಷಯದ ಮೇಲೆ ಹುಡುಗರೆಲ್ಲ ಒಂದೇ ತೆರನಾಗಿ ಬರೆದಿರುವುದನ್ನು ಕಂಡು, ಅವರ ಸಂಸ್ಕಾರದಲ್ಲಿ ಹೋಲಿಕೆಗಳೂ ಕಲ್ಪನೆಗಳೂ ಮೊದಲೇ ಗೊತ್ತಾಗಿವೆಯಲ್ಲ ಎಂದು ಯೋಚಿಸುತ್ತಾನೆ. ನಾನೂ ಮೂವತ್ತು ವರ್ಷ ‘ಮಳೆಗಾಲದ ಒಂದು ದಿನ’ವನ್ನು ತಿದ್ದಿದವಳು. ನಲವತ್ತು ಮಕ್ಕಳ ಪುಸ್ತಕದಲ್ಲೂ ಒಂದೇ ಕಾಗದದ ದೋಣಿ ತೇಲುತ್ತಿರುತ್ತದೆ. ಆ ಬೇಸರವನ್ನು ಕುತೂಹಲವಾಗಿ ಮಾಡಿಕೊಳ್ಳಬಲ್ಲ ಮೇಷ್ಟ್ರು ಒಳ್ಳೆಯ ಮೇಷ್ಟ್ರೇ ಸರಿ. ಅವನ ಶಿಷ್ಯರಲ್ಲಿ ಶಿದಾ, ಯೊಕೊಗಿ ಎಂಬಿಬ್ಬರು ಕಾಯಿಲೆ ಬಿದ್ದು ತೀರಿಕೊಳ್ಳುತ್ತಾರೆ. ಯೊಕೊಗಿಗೆ ಕೊನೆಯಲ್ಲಿ ಶಾಲೆಯನ್ನೊಮ್ಮೆ ನೋಡಬೇಕೆನ್ನಿಸುತ್ತದೆ; ಮನೆಯ ಆಳು ಅವನನ್ನು ರಾತ್ರಿ ಹೊತ್ತು ಬೆನ್ನ ಮೇಲೆ ಹೊತ್ತು ಒಯ್ದು ತೋರಿಸುತ್ತಾನೆ. ಈ ಪುಟಗಳಲ್ಲಿ ಪಿಂಗಾಣಿಯಿಲ್ಲ. ಜಪಾನ್ ಹರ್ನ್‌ನಿಂದ ಏನನ್ನಾದರೂ ಕೇಳಿದ ಕಡೆಗಳಲ್ಲೆಲ್ಲ ಅವನ ಬರವಣಿಗೆಗೆ ಜೀವ ಬಂದಿದೆ, ಅದು ಬರೀ ಕೊಟ್ಟ ಕಡೆಗಳಲ್ಲಿ ಅಲಂಕಾರ ಹೆಚ್ಚಾಗಿದೆ ಎಂದು ನನಗೆ ತೋರುತ್ತದೆ.

ಅವನ ನಂತರ ಬಂದವರು ಈ ಅಲಂಕಾರವನ್ನಷ್ಟೇ ಇಟ್ಟುಕೊಂಡು ದಿನಚರಿಯನ್ನು ಕೈಬಿಟ್ಟರು. ಅದಕ್ಕೇ ಇವತ್ತಿಗೂ ನಮ್ಮ ಫೋನುಗಳಿಗೆ ಬರುವುದು ಒಂದೇ ಮಾತು: ಜಪಾನಿನ ಶಾಲೆಗಳಲ್ಲಿ ಮಕ್ಕಳೇ ಕಸ ಗುಡಿಸುತ್ತಾರೆ, ನೋಡಿ ಕಲಿಯಿರಿ. ಅಲ್ಲಿ ಎಲ್ಲ ಮಕ್ಕಳೂ ಸರದಿಯ ಮೇಲೆ ನೆಲ ಒರೆಸುವುದು ನಿಜ, ಒಳ್ಳೆಯದೇ. ನಮ್ಮಲ್ಲೂ ಮಕ್ಕಳು ಗುಡಿಸಿದ್ದಾರೆ. ಆದರೆ ಯಾವ ಕೇರಿಯ ಮಕ್ಕಳ ಕೈಗೆ ಯಾವ ಪೊರಕೆ ಹೋಗುತ್ತಿತ್ತು ಎಂಬುದನ್ನು ನಾನು ಶಾಲೆಯ ವರಾಂಡದಲ್ಲಿ ನಿಂತೇ ನೋಡಿದ್ದೇನೆ. ಆ ಸಂದೇಶ ಕಳಿಸುವವರು ಈ ವಿಷಯ ಎತ್ತುವುದಿಲ್ಲ. ಇರಲಿ.

ಮಗಳು ಹೇಳುವ ಶಾಲೆ ಇನ್ನೊಂದು. ಅವಳ ಮಗ ಒಂದನೇ ತರಗತಿಗೆ ಸೇರಿದಾಗ ಗಣಿತದ ಪೆಟ್ಟಿಗೆಯೊಂದನ್ನು ಕೊಟ್ಟರಂತೆ. ಎಣಿಸುವ ಕಡ್ಡಿ, ಬಿಲ್ಲೆಗಳು, ಆಟಿಕೆ ಗಡಿಯಾರ. ಅಷ್ಟರ ಮೇಲೂ, ಒಂದೊಂದು ಕಡ್ಡಿಯ ಮೇಲೂ, ಮಗುವಿನ ಹೆಸರಿರಬೇಕು. “ದೊಡ್ಡಮ್ಮಾ, ಅಕ್ಕಿಕಾಳಿನ ಮೇಲೆ ರಾಮನಾಮ ಬರೆದ ಹಾಗೆ ಎರಡು ರಾತ್ರಿ ಬರೆದೆ” ಎಂದಳು. ನೆಲ ಒರೆಸುವ ಬಟ್ಟೆಯನ್ನು ಹೊಲಿದು ಕಳಿಸಬೇಕು. ಮಧ್ಯಾಹ್ನದ ಊಟವನ್ನು ಮಕ್ಕಳೇ ಬಿಳಿಯ ಮೇಲಂಗಿ ತೊಟ್ಟು ಬಡಿಸುತ್ತಾರೆ. ಸರದಿ ಮುಗಿದ ವಾರ ಆ ಮೇಲಂಗಿ ಮನೆಗೆ ಬರುತ್ತದೆ, ಒಗೆದು ಇಸ್ತ್ರಿ ಮಾಡಿ ಸೋಮವಾರ ಹಿಂದಿರುಗಿಸಬೇಕು. ಸೂಪಿನ ಬುಡದಲ್ಲೇ ಒಣಮೀನಿನ ರಸವಿರುವುದರಿಂದ ಇವರ ಮಗುವಿಗೆ ಮನೆಯ ಡಬ್ಬಿ. ಅದಕ್ಕೆ ಮೇಷ್ಟ್ರ ಒಪ್ಪಿಗೆ. ಮೇಷ್ಟ್ರಿಗೂ ಮನೆಗೂ ನಡುವೆ ಒಂದು ಸಣ್ಣ ಪುಸ್ತಕ ಓಡಾಡುತ್ತದೆ, ಅದರಲ್ಲಿ ಜಪಾನಿ ಲಿಪಿಯಲ್ಲಿ ಬರೆಯಬೇಕು. ಬೆಳಿಗ್ಗೆ ಕಸದ ಚೀಲ ಹೊತ್ತಿಗೆ ಸರಿಯಾಗಿ ಜಾಗಕ್ಕೆ ಹೋಗಬೇಕು: ಸುಡುವಂಥದು ಒಂದು ದಿನ, ಸುಡದ್ದು ಇನ್ನೊಂದು ದಿನ, ಬಾಟಲಿಯ ಮುಚ್ಚಳ ಬೇರೆ, ಕಾಗೆಗಳು ಎಳೆಯದಂತೆ ಮೇಲೊಂದು ಬಲೆ. ಗಂಡ ರೈಲು ಹಿಡಿದು ಹೋಗಿ ಆಗಿರುತ್ತದೆ.

ಹೀಗೆ ಪರದೇಶಿಗಳ ಪಾಲಿನ ಜಪಾನಿ ಪದ್ಧತಿಯೆಂದರೆ ಹೆಚ್ಚಾಗಿ ಹೆಂಗಸರ ಮನೆಗೆಲಸ. ಇದನ್ನು ಒಳಗಿನಿಂದ ಬರೆದ ಒಂದು ಪುಸ್ತಕ ನನಗೆ ಸಿಕ್ಕಿದ್ದು ಹರ್ನ್‌ನ ಮನೆಯಿಂದಲೇ. ಅವನ ಹೆಂಡತಿ ಕೊಯಿಜುಮಿ ಸೆತ್ಸು, ಬಡತನಕ್ಕಿಳಿದ ಸಾಮುರಾಯ್ ಮನೆತನದ ಹೆಣ್ಣು, 1891ರಲ್ಲಿ ಮನೆ ನೋಡಿಕೊಳ್ಳಲು ಬಂದು ಮಡದಿಯಾದವಳು. ಅವನು 1904ರಲ್ಲಿ ತೀರಿಕೊಂಡ ಹತ್ತು ವರ್ಷಕ್ಕೆ ಆಕೆಯ ನೆನಪುಗಳು ಜಪಾನಿಯಲ್ಲಿ ಅಚ್ಚಾದವು, 1918ರಲ್ಲಿ ಇಂಗ್ಲಿಷಿಗೂ ಬಂದವು. ಚಿಕ್ಕ ಪುಸ್ತಕ. ಹರ್ನ್‌ನ ಸಂಪುಟಗಳ ಪಕ್ಕದಲ್ಲಿಟ್ಟರೆ ಕಣ್ಣಿಗೆ ಬೀಳುವುದಿಲ್ಲ.

ಹದಿನಾಲ್ಕು ವರ್ಷ ಇದ್ದೂ ಗಂಡ ಜಪಾನಿಯನ್ನು ಸರಿಯಾಗಿ ಕಲಿಯಲಿಲ್ಲ. ಇಬ್ಬರೂ ತಮ್ಮದೇ ಒಂದು ಒರಟು ಭಾಷೆ ಮಾಡಿಕೊಂಡರು. ಆಕೆ ಇಂಗ್ಲಿಷ್ ಪದಗಳನ್ನು ಕೇಳಿದ ಹಾಗೆ ತನ್ನ ಲಿಪಿಯಲ್ಲಿ ಬರೆದಿಟ್ಟುಕೊಂಡು ಕಲಿಯುತ್ತಿದ್ದಳು. ರಾತ್ರಿ ದೀಪ ಸಣ್ಣಗೆ ಮಾಡಿ ಹಳೆಯ ದೆವ್ವದ ಕಥೆಗಳನ್ನು ಹೇಳುತ್ತಿದ್ದಳು. ಪುಸ್ತಕ ನೋಡಿ ಓದಬಾರದು, ನಿನ್ನ ಮಾತಿನಲ್ಲೇ ಹೇಳಬೇಕು ಎಂದು ಅವನ ಹಟ. 1904ರ ‘ಕ್ವಾಯ್ದಾನ್’ ಹುಟ್ಟಿದ್ದು ಈ ಬಾಯಿಂದ. ಲೋಕ ಕೊಂಡಾಡಿದ್ದು ಆ ಕೈಯನ್ನು. ಟೋಕಿಯೋದ ಒಕುಬೋದಲ್ಲಿ ಮನೆ ಕೊಂಡು ಸರಿಪಡಿಸುವಾಗ ಎಲ್ಲವೂ ಆಕೆಯ ತಲೆಯ ಮೇಲೆ. ನನಗೆ ಬರೆಯುವುದೊಂದೇ ಗೊತ್ತು ಎಂಬುದು ಅವನ ನಿಲುವು. ಇದನ್ನು ಸೆತ್ಸು ದೂರಾಗಿ ಹೇಳುವುದಿಲ್ಲ. ಒದ್ದೆ ಬೆಕ್ಕಿನ ಮರಿಯನ್ನು ಅವನು ಎದೆಗವಚಿಕೊಂಡು ತಂದದ್ದನ್ನು ಹೇಳುವಷ್ಟೇ ಅಕ್ಕರೆಯಿಂದ ಹೇಳುತ್ತಾಳೆ. ಆದರೂ ಮನೆ ನಡೆದದ್ದು ಹೇಗೆಂದು ಓದುವವಳಿಗೆ ತಿಳಿಯುತ್ತದೆ.

ಇನ್ನೊಂದು ಸಂಗತಿ. 1896ರಲ್ಲಿ ಹರ್ನ್ ಜಪಾನಿನ ಪ್ರಜೆಯಾಗಿ ಕೊಯಿಜುಮಿ ಯಾಕುಮೊ ಎಂದು ಹೆಸರು ಬದಲಿಸಿದ. ಜಪಾನಿನ ಮೇಲಿನ ಮೋಹದಿಂದ ಎಂದು ಬರೆದುಬಿಡುವುದು ವಾಡಿಕೆ. ಆದರೆ ಆಗಿನ ಕಾನೂನಿನಲ್ಲಿ ಪರದೇಶಿಯನ್ನು ಮದುವೆಯಾದ ಹೆಣ್ಣು ತನ್ನ ದೇಶದ ಹಕ್ಕನ್ನೇ ಕಳೆದುಕೊಳ್ಳುತ್ತಿದ್ದಳು. ಹೆಂಡತಿ ಮಗನಿಗೆ ಆಸ್ತಿ ಉಳಿಯಬೇಕಾದರೆ ಅವನೇ ಆಕೆಯ ಮನೆತನಕ್ಕೆ ಸೇರಬೇಕಾಯಿತು. ಒಂದು ರೀತಿ ಮನೆಅಳಿಯತನ. ಮೋಹಕ್ಕಿಂತ ಈ ಲೆಕ್ಕಾಚಾರವೇ ನನಗೆ ಹೆಚ್ಚು ಮನುಷ್ಯಸಹಜವಾಗಿ ಕಾಣುತ್ತದೆ. ಇಂದಿಗೂ ಅಂಥ ಲೆಕ್ಕಗಳು ತೀರಿಲ್ಲ. ಬಾಡಿಗೆ ಮನೆಗೆ ಜಾಮೀನುದಾರ ಬೇಕು. ಎಷ್ಟೋ ಕಡೆ ಮುಂಗಡದ ಜೊತೆಗೆ ಮನೆಯೊಡೆಯನಿಗೆ ಹಿಂದಿರುಗದ ಕಾಣಿಕೆಯನ್ನೂ ಕೊಡಬೇಕು. 2017ರಲ್ಲಿ ಅಲ್ಲಿಯ ನ್ಯಾಯ ಸಚಿವಾಲಯ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹಿಂದಿನ ಐದು ವರ್ಷಗಳಲ್ಲಿ ಮನೆ ಹುಡುಕಿದ ಪರದೇಶಿಗಳ ಪೈಕಿ ನೂರಕ್ಕೆ ಸುಮಾರು 39 ಮಂದಿ, ಪರದೇಶಿಗಳೆಂಬ ಕಾರಣಕ್ಕೇ ತಮಗೆ ಮನೆ ಸಿಗಲಿಲ್ಲ ಎಂದಿದ್ದರು. ಬಾಗುವ ಕೋನ ಎಷ್ಟಿರಬೇಕೆಂದು ಮೂರು ಪುಟ ಬರೆಯುವ ಪುಸ್ತಕಗಳು ಈ ಬಾಗಿಲಿಗೆ ಮೂರು ಸಾಲನ್ನಾದರೂ ಕೊಡಬೇಡವೇ? ಬಾಗಿಲು ತೆರೆಯದಿದ್ದರೆ ಪಾದರಕ್ಷೆ ಬಿಡುವುದೆಲ್ಲಿ?

ಸೆತ್ಸುವಿನ ಪುಸ್ತಕದ ಮೇಲೂ ನನಗೊಂದು ಆಕ್ಷೇಪಣೆಯಿದೆ. ಗಂಡನಿಗೆ ಏನು ಇಷ್ಟ, ಏನು ಆಗದು ಎಂದು ಆಕೆ ಪಟ್ಟಿಯನ್ನೇ ಕೊಡುತ್ತಾಳೆ. ಪಶ್ಚಿಮ ದಿಕ್ಕು, ಸಂಜೆಗೆಂಪು, ಬೇಸಿಗೆ, ಈಜು, ಬಾಳೆಗಿಡ, ಹುಳುಹುಪ್ಪಟೆ, ನಿರ್ಜನ ಸ್ಮಶಾನ ಇಷ್ಟ. ಊಟದಲ್ಲಿ ಬೀಫ್‌ಸ್ಟೀಕ್ ಮತ್ತು ಪ್ಲಮ್ ಪುಡಿಂಗ್. ಸುಳ್ಳರು, ಬಲಹೀನರನ್ನು ಕಾಡುವವರು, ಬಿಳಿ ಷರಟು, ನ್ಯೂಯಾರ್ಕ್ ಆಗದು. ತನ್ನದೇ ಅಂಥ ಪಟ್ಟಿಯನ್ನು ಆಕೆ ಬರೆದಿಲ್ಲ. ಕೇಳಿದವರೂ ಇದ್ದಂತಿಲ್ಲ. ಆ ಪುಸ್ತಕವನ್ನು ಮಗಳಿಗೆ ಓದಲು ಹೇಳಿದ್ದೇನೆ. ಕಸದ ಸರದಿ ಇಲ್ಲದ ದಿನ ಶುರುಮಾಡುತ್ತೇನೆ ಎಂದಿದ್ದಾಳೆ.