ಅಂಜಿಕೆಯ ಹೊತ್ತಿನಲ್ಲಿ ನಂಬಿಗೆ: ಶರಣರ ವಚನ ಮತ್ತು ಮುಳಬಾಗಿಲ ಕಗ್ಗ

ಮನುಷ್ಯನ ಭಯಗಳಲ್ಲಿ ಬಹುಪಾಲು ನಾಳೆಯನ್ನು ಕುರಿತವು. ಇಂದಿನ ಕಷ್ಟವನ್ನು ಅವನು ಹೇಗೋ ಹೊರುತ್ತಾನೆ. ಇನ್ನೂ ಬಾರದ ಕಷ್ಟದ ಭಾರವೇ ಅವನ ಬೆನ್ನನ್ನು ಬಗ್ಗಿಸುತ್ತದೆ. ಈ ಮಾತನ್ನು ಕೋಲಾರ ಸೀಮೆಯ ರೈತನಿಗೆ ಯಾರೂ ಬೋಧಿಸಬೇಕಾಗಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನೆಲದಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ನಂದಿಬೆಟ್ಟದ ಕಡೆಯಿಂದ ಇಳಿದು ಬರುವ ಪಾಲಾರು ಮಳೆ ಬಂದಾಗ ಮಾತ್ರ ನದಿ. ರಾಗಿಯ ಹೊಲವೂ ಮಾವಿನ ತೋಪೂ ಮುಗಿಲನ್ನು ನೋಡಿ ಬಾಳಬೇಕು. ಮುಗಿಲು ಕೈಕೊಟ್ಟಾಗ ಸಾಲ ಮಾಡಿ ಕೊರೆಸಿದ ಕೊಳವೆಬಾವಿ ಸಾವಿರ ಅಡಿಯನ್ನು ದಾಟಿಯೂ ಬರಿಯ ಧೂಳನ್ನು ಕಾರಿದ ಸಂದರ್ಭಗಳು ಈ ಸೀಮೆಯಲ್ಲಿ ವಿರಳವಲ್ಲ.

ಇಂಥ ನೆಲದಲ್ಲಿ ನಿಂತು ‘ದೇವರನ್ನು ನಂಬು’ ಎನ್ನುವ ಮಾತಿಗೆ ಅರ್ಥವೇನು? ಈ ಮಾತನ್ನು ಎರಡು ಬಗೆಯಾಗಿ ತಪ್ಪು ತಿಳಿಯುವುದುಂಟು. ನಂಬಿದರೆ ಕೇಡು ಬಾರದು ಎಂದು ಕೆಲವರು ಅದನ್ನು ತಾಯಿತದಂತೆ ಕಟ್ಟಿಕೊಳ್ಳುತ್ತಾರೆ. ಆಗುವುದು ಆಗಿಯೇ ತೀರುವುದು ಎಂದು ಇನ್ನು ಕೆಲವರು ಅದನ್ನು ಸೋಮಾರಿತನದ ಹಾಸಿಗೆಯಾಗಿಸಿಕೊಳ್ಳುತ್ತಾರೆ. ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನೂ, ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು 1943ರಲ್ಲಿ ಪ್ರಕಟಿಸಿದ ‘ಮಂಕುತಿಮ್ಮನ ಕಗ್ಗ’ವನ್ನೂ ಜತೆಯಲ್ಲಿಟ್ಟು ಓದಿದರೆ ಈ ಎರಡು ತಪ್ಪುಗಳೂ ಸ್ಪಷ್ಟವಾಗಿ ಕಾಣುತ್ತವೆ. ಎರಡರ ಮತ ಬೇರೆ, ದಾರಿ ಬೇರೆ. ಆದರೂ ಭಯವೆಂಬ ಒಂದೇ ಹೊಸ್ತಿಲಲ್ಲಿ ಎರಡೂ ಎದುರಾಗುತ್ತವೆ.

ಭಯವು ಭಕ್ತನನ್ನು ಪರೀಕ್ಷಿಸುತ್ತದೆ ಎಂಬುದು ಎಲ್ಲರೂ ಹೇಳುವ ಮಾತು. ಬಸವಣ್ಣನವರು ಒಂದು ಹೆಜ್ಜೆ ಮುಂದೆ ಹೋಗಿ, ಭಯವು ದೈವವನ್ನೂ ಪರೀಕ್ಷಿಸುತ್ತದೆ ಎನ್ನುತ್ತಾರೆ. ಬೆಂಕಿಗೆ ಕರಗುವ, ಹಣದ ತುರ್ತು ಬಂದಾಗ ಮಾರಾಟವಾಗುವ, ಕಳ್ಳಕಾಕರ ದಿಗಿಲು ಹುಟ್ಟಿದಾಗ ಮಣ್ಣಿನೊಳಗೆ ಅಡಗಿಸಲ್ಪಡುವ ದೇವರುಗಳನ್ನು ಅವರು ಒಂದು ಪ್ರಸಿದ್ಧ ವಚನದಲ್ಲಿ ಎಣಿಸುತ್ತಾರೆ. ವಿಗ್ರಹಖಂಡನೆಯೆಂದು ಮಾತ್ರ ಆ ವಚನವನ್ನು ಓದುವುದು ರೂಢಿ. ಅದರೊಳಗೆ ಅದಕ್ಕಿಂತ ಆಳವಾದ ಪ್ರಶ್ನೆಯೊಂದಿದೆ. ಅಂಜಿಕೆಯಾದಾಗ ದೇವರನ್ನು ಹೂತಿಡುವವನು ದೇವರಿಂದ ರಕ್ಷಣೆಯನ್ನು ಪಡೆಯುತ್ತಿದ್ದಾನೆಯೋ, ದೇವರಿಗೇ ರಕ್ಷಣೆಯನ್ನು ಕೊಡುತ್ತಿದ್ದಾನೆಯೋ? ಸುಖದ ದಿನಗಳಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಭಯದ ದಿನ ಬಂದಾಗಲೇ ತಾನು ನಂಬಿದ್ದು ದೇವರನ್ನೋ ದೇವರೆಂಬ ಒಡವೆಯನ್ನೋ ಎಂಬುದು ಬಯಲಾಗುತ್ತದೆ.

ಕಗ್ಗದ ಒಂದು ಪದ್ಯ ಇದೇ ಒರೆಗಲ್ಲನ್ನು ಬೇರೊಂದು ರೀತಿಯಲ್ಲಿ ಹಿಡಿಯುತ್ತದೆ. ಹಿರಣ್ಯಕಶಿಪು ನಂಬಲಿಲ್ಲ, ಪ್ರಹ್ಲಾದ ನಂಬಿದ. ತಂದೆಯ ನಿರಾಕರಣೆಯೂ ಪೂರ್ಣ, ಮಗನ ನಂಬಿಗೆಯೂ ಪೂರ್ಣ. ಇಬ್ಬರಿಗೂ ಬಿಡುಗಡೆ ದೊರೆಯಿತು. ನಂಬಿಯೂ ನಂಬದೆ ನಡುವೆ ತೊಳಲುವ ಸಾಮಾನ್ಯನನ್ನು ಮಾತ್ರ ಕವಿ ಅಂಟಿನಲ್ಲಿ ಸಿಕ್ಕಿಕೊಂಡ ನೊಣದ ಗತಿಗೆ ಹೋಲಿಸುತ್ತಾರೆ. ಉಪಮಾನ ಕಟುವಾದುದು, ಆದರೆ ಅದು ಎಲ್ಲರ ಅನುಭವ. ಬೆಳಿಗ್ಗೆ ಪೂಜೆ ಮಾಡಿ, ಮಧ್ಯಾಹ್ನ ಜೋಯಿಸರ ಬಳಿ ಕವಡೆ ಹಾಕಿಸಿ, ಸಂಜೆ ಇನ್ನೊಂದು ದೈವಕ್ಕೆ ಮುಡಿಪು ಕಟ್ಟುವವನಲ್ಲಿ ಭಕ್ತಿಗೆ ಕೊರತೆಯಿಲ್ಲ, ನಿಷ್ಠೆಗೆ ಕೊರತೆ. ಷಟ್‌ಸ್ಥಲ ಶಾಸ್ತ್ರವು ಭಕ್ತಸ್ಥಲಕ್ಕೆ ಶ್ರದ್ಧೆಯನ್ನು ಹೇಳಿ ನಿಲ್ಲಿಸದೆ, ಅದರ ಮೇಲೆ ಮಹೇಶ್ವರಸ್ಥಲಕ್ಕೆ ನಿಷ್ಠೆಯನ್ನು ಹೇಳಿದ ಔಚಿತ್ಯ ಇಲ್ಲಿ ತಿಳಿಯುತ್ತದೆ. ಶ್ರದ್ಧೆ ಹುಟ್ಟುವುದು ಸುಲಭ. ಅದು ಅಂಜಿಕೆಯ ಗಾಳಿಗೆ ಅಲುಗದೆ ನಿಂತಾಗ ನಿಷ್ಠೆಯಾಗುತ್ತದೆ.

ನಿಷ್ಠೆಯುಳ್ಳವನಿಗೆ ದೇವರು ಏನನ್ನು ಕೊಡುತ್ತಾನೆ? ಕೇಡು ಬಾರದೆಂಬ ಅಭಯವನ್ನು ಶರಣರು ಎಲ್ಲರಿಗೂ ಹಂಚಲಿಲ್ಲ ಎಂಬುದನ್ನು ಗಮನಿಸಬೇಕು. ಬೆಟ್ಟದಲ್ಲಿ ಮನೆ ಕಟ್ಟಿ ಕಾಡುಮೃಗಗಳಿಗೆ ಹೆದರುವವನನ್ನೂ, ಕಡಲಂಚಿನಲ್ಲಿ ನೆಲೆಸಿ ತೆರೆಗಳಿಗೆ ಬೆಚ್ಚುವವನನ್ನೂ ಅಕ್ಕಮಹಾದೇವಿ ಚಿತ್ರಿಸುತ್ತಾಳೆ. ಮೃಗಗಳು ಓಡಿಹೋಗುವುವೆಂದು ಅವಳು ಹೇಳುವುದಿಲ್ಲ. ತೆರೆಗಳು ಅಡಗುವುವೆಂದೂ ಹೇಳುವುದಿಲ್ಲ. ಲೋಕದಲ್ಲಿ ಹುಟ್ಟಿದವನಿಗೆ ಸ್ತುತಿಯೂ ನಿಂದೆಯೂ ತಪ್ಪವು, ಸಮಾಧಾನಿಯಾಗಿರಬೇಕು ಎಂಬುದಷ್ಟೇ ಅವಳ ನಿಲುವು. ಮನೆಯನ್ನು ಬದಲಾಯಿಸುವುದರಿಂದ ಭಯ ಬಿಡದು, ಮನಸ್ಸು ಬದಲಾಗಬೇಕು. ಬಸವಣ್ಣನವರಂತೂ ಇನ್ನೊಂದು ವಚನದಲ್ಲಿ ನಾಳೆಯ ವಿಪತ್ತನ್ನು ಇಂದಿಗೇ ಬರಮಾಡಿಕೊಳ್ಳುವ ಧೈರ್ಯವನ್ನು ತೋರುತ್ತಾರೆ. ಹುಟ್ಟಿದವನಿಗೆ ಸಾವು ನಿಶ್ಚಿತ, ದೇವರ ಬರೆಹವನ್ನು ತಪ್ಪಿಸಲು ಯಾರಿಗೂ ಅಳವಲ್ಲ ಎಂದ ಮೇಲೆ ಅಂಜುವುದು ಯಾತಕ್ಕೆ ಎಂಬುದು ಅಲ್ಲಿಯ ತರ್ಕ. ತಾಯಿತದ ಭಕ್ತಿಗೆ ಇಲ್ಲಿ ಎಡೆಯೇ ಇಲ್ಲ.

ಇದು ವಿಧಿವಾದವಲ್ಲವೆ ಎಂದು ಕೇಳಬಹುದು. ಕಗ್ಗದ ಮೇಲೂ ಇದೇ ಆಕ್ಷೇಪವಿದೆ. ಬದುಕನ್ನು ಜಟಕಾ ಗಾಡಿಗೂ ವಿಧಿಯನ್ನು ಅದರ ಸಾಹೇಬನಿಗೂ ಮನುಷ್ಯನನ್ನು ಕುದುರೆಗೂ ಹೋಲಿಸಿದ ಪದ್ಯ ಕನ್ನಡಿಗರ ನಾಲಿಗೆಯ ಮೇಲಿದೆ. ಸವಾರಿ ಮದುವೆಯ ಮನೆಗೋ ಸ್ಮಶಾನಕ್ಕೋ ಕುದುರೆ ಕೇಳುವಂತಿಲ್ಲ. ಜನರು ಇಷ್ಟನ್ನು ನೆನೆದು ನಿಟ್ಟುಸಿರು ಬಿಡುತ್ತಾರೆ. ಪದ್ಯದ ಕೊನೆಯನ್ನು ಮರೆಯುತ್ತಾರೆ. ಕಾಲು ಕುಸಿದರೆ ಕೆಳಗೆ ನೆಲವಿದೆ ಎಂಬ ಆಶ್ವಾಸನೆಯೊಂದಿಗೆ ಆ ಪದ್ಯ ಮುಗಿಯುತ್ತದೆ. ಬೀಳುವುದಿಲ್ಲವೆಂದು ಕವಿ ಹೇಳಲಿಲ್ಲ. ಬಿದ್ದವನನ್ನು ಹೊರಲು ಆಧಾರವಿದೆ ಎಂದರು. ವಿಧಿವಾದಕ್ಕೂ ನಂಬಿಗೆಗೂ ಇರುವ ಅಂತರ ಆ ನೆಲದಷ್ಟೇ. ವಿಧಿವಾದಿಗೆ ಕಾಣುವುದು ಬೀಳು ಮಾತ್ರ. ನಂಬಿದವನಿಗೆ ನೆಲವೂ ಕಾಣುತ್ತದೆ. ಶರಣರ ಪರಿಭಾಷೆಯಲ್ಲಿ ಇದು ಪ್ರಸಾದಿಸ್ಥಲದ ಅವಧಾನಭಕ್ತಿಗೆ ಹತ್ತಿರವಾದುದು. ಬಂದುದನ್ನೆಲ್ಲ ಪ್ರಸಾದವೆಂದು ಎಚ್ಚರದಿಂದ ಸ್ವೀಕರಿಸುವವನಿಗೆ ಬರಬಾರದ್ದು ಎಂಬುದು ಉಳಿಯುವುದಿಲ್ಲ.

ಇಷ್ಟು ಸಾಮ್ಯವಿದ್ದರೂ ಎರಡು ಕೃತಿರಾಶಿಗಳ ನಡುವಿನ ಭೇದವನ್ನು ಮರೆಯಬಾರದು. ಆ ಭೇದವು ಅಂಕಿತದಲ್ಲಿಯೇ ಇದೆ. ವಚನದ ಕೊನೆಯಲ್ಲಿ ಕೂಡಲಸಂಗಮದೇವನೋ ಚೆನ್ನಮಲ್ಲಿಕಾರ್ಜುನನೋ ಇದ್ದಾನೆ. ಕಗ್ಗದ ಕೊನೆಯಲ್ಲಿ ಮಂಕುತಿಮ್ಮನಿದ್ದಾನೆ. ಭಯಗೊಂಡ ಶರಣನು ತನ್ನ ಮಾತನ್ನು ಮುಗಿಸುವಾಗ ದೇವರನ್ನು ಕೂಗುತ್ತಾನೆ. ಭಯಗೊಂಡ ತಿಮ್ಮನು ತನ್ನನ್ನೇ ಕರೆದು ತಿದ್ದಿಕೊಳ್ಳುತ್ತಾನೆ. ಮೊದಲನೆಯದು ಮಗುವಿನ ಕೂಗು, ಎರಡನೆಯದು ಹಿರಿಯನ ವಿವೇಕ. ಇರುಳಿನಲ್ಲಿ ಎಚ್ಚರಗೊಂಡು ನಡುಗುವವನಿಗೆ ವಿವೇಕಕ್ಕಿಂತ ಕೂಗು ಬೇಗ ಒದಗುತ್ತದೆ. ಆದಕಾರಣವೇ ವಚನಗಳು ಓದುಬರಹವಿಲ್ಲದವರ ಬಾಯಲ್ಲೂ ಮಂತ್ರವಾಗಿ ಉಳಿದವು. ಬೆಳಗಾದ ಮೇಲೆ ಕೂಗಿದವನಿಗೂ ವಿವೇಕ ಬೇಕು. ಅಲ್ಲಿ ಕಗ್ಗದ ಉಪಕಾರ ದೊಡ್ಡದು.

ನಂಬಿಗೆಯ ಕಡೆಯ ಪರೀಕ್ಷೆ ನಡೆಯುವುದು ಕಣಜದ ಮುಂದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ಆಯ್ದಲ್ಲಿಗೇ ಒಯ್ದು ಸುರಿದು ಬರುವಂತೆ ಹೇಳಿದ ಕಥೆ ಸುವಿದಿತ. ಹಸಿದವನಿಗೆ ಈ ಉಪದೇಶ ಕ್ರೂರವಲ್ಲವೆ ಎಂಬ ಶಂಕೆ ಸಹಜ. ಉಪದೇಶವು ಉಂಡವರ ಬಾಯಿಂದ ಬಂದಿದ್ದರೆ ಅದು ಕ್ರೂರವೇ. ಇಲ್ಲಿ ಹೇಳಿದವಳು ಸ್ವತಃ ಬಡವಿ. ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಬಸವಣ್ಣನವರೂ ಹೊನ್ನಿನ ಒಂದು ಕಣವನ್ನು ನಾಳೆಗೆಂದು ಬಯಸಲಾರೆನೆಂದು ಆಣೆಯಿಟ್ಟರು. ಬಡವಿಗೂ ಭಂಡಾರಿಗೂ ಒಂದೇ ನಿಯಮವಾದುದು ಶರಣಧರ್ಮದ ವೈಶಿಷ್ಟ್ಯ.

ಹಾಗಾದರೆ ಬಿತ್ತನೆಯ ರಾಗಿಯನ್ನು ತೆಗೆದಿಡುವ ರೈತನು ದೇವರನ್ನು ನಂಬದವನೆ? ಈ ಪ್ರಶ್ನೆಗೆ ಕೋಲಾರ ಸೀಮೆಯ ಕೆರೆಗಳೇ ಉತ್ತರ ಹೇಳುತ್ತವೆ. ಪೂರ್ವಿಕರು ಇಲ್ಲಿ ಸಾವಿರಾರು ಕೆರೆಗಳನ್ನು ಸಾಲುಸಾಲಾಗಿ ಕಟ್ಟಿದರು. ಕೆರೆಯೂ ನಾಳೆಗಾಗಿ ಕೂಡಿಟ್ಟ ನೀರೇ. ಆದರೆ ಮೇಲಿನ ಕೆರೆ ತುಂಬಿದಾಗ ಕೋಡಿ ಹರಿದು ಕೆಳಗಿನ ಕೆರೆಗೆ ನೀರು ಹೋಗುತ್ತದೆ. ನೀರುಗಂಟಿಯು ತೂಬು ತೆರೆದು ಪ್ರತಿಯೊಬ್ಬನ ಗದ್ದೆಗೂ ಸರದಿಯಂತೆ ಹಾಯಿಸುತ್ತಿದ್ದನು. ತನಗೆ ಸಾಕಾದುದನ್ನು ಮುಂದಕ್ಕೆ ಬಿಡುವ ಈ ಸಂಗ್ರಹಕ್ಕೆ ದಾಸೋಹವೆಂದೇ ಹೆಸರು. ಲಕ್ಕಮ್ಮ ಹಿಂದಿರುಗಿಸಿದ ಅಕ್ಕಿಯೂ ಅಂಥ ಕೋಡಿಯ ನೀರು. ಕೆರೆಗಳು ಹೂಳು ತುಂಬಿ, ಕಾಲುವೆಗಳು ಮುಚ್ಚಿ, ಒಬ್ಬೊಬ್ಬನೂ ನೆರೆಯವನಿಗಿಂತ ಆಳವಾಗಿ ಕೊರೆಯತೊಡಗಿದಾಗ ಸಂಗ್ರಹವು ಭಯದ ಕೆಲಸವಾಯಿತು. ಆ ಭಯವು ನೆಲದಡಿಯ ನೀರನ್ನೂ ಬತ್ತಿಸಿ ತನ್ನನ್ನು ತಾನೇ ನಿಜಮಾಡಿಕೊಂಡಿತು. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಈ ಜಿಲ್ಲೆಯ ಕೆರೆಗಳಿಗೆ ಬರತೊಡಗಿದಾಗ, ಅದೂ ಒಂದು ಕೆರೆಯಿಂದ ಮತ್ತೊಂದು ಕೆರೆಗೆಂಬ ಹಳೆಯ ಕ್ರಮದಲ್ಲಿಯೇ ಸಾಗಬೇಕಾಯಿತು.

ಆದಕಾರಣ ನಂಬಿಗೆಯು ಯತ್ನದ ಶತ್ರುವಲ್ಲ. ಕಾಯಕವನ್ನು ಬಿಟ್ಟ ಭಕ್ತಿಯನ್ನು ಶರಣರು ಒಪ್ಪಲಿಲ್ಲ. ಕಗ್ಗದ ಸಾಕ್ಷಿಯೂ ಇದೇ. ಕಾಣದೆಯೂ ಜನರು ಪ್ರೀತಿಯಿಂದ ನಂಬಿದ ಒಂದು ವಿಸ್ಮಯಕ್ಕೆ ನಮಿಸುವುದರೊಂದಿಗೆ ಆರಂಭವಾದ ಆ ಕಾವ್ಯ, 945 ಪದ್ಯಗಳ ಶಂಕೆ ಸಮಾಧಾನಗಳನ್ನು ದಾಟಿ ಶರಣಾಗತಿಯಲ್ಲಿ ಮುಗಿಯುತ್ತದೆ. ಶರಣಾಗಬೇಕಾದ ಸ್ಥಾನಗಳನ್ನು ಹೇಳುವಾಗ ಬಾಳನ್ನು ಹೂವಾಗಿಸುವ ಯತ್ನವನ್ನೂ ಕವಿ ಅಲ್ಲಿ ಸೇರಿಸಿದ್ದಾರೆ. ಶರಣು ಎಂಬ ಪದದಲ್ಲಿಯೇ ಮುಳಬಾಗಿಲ ಕವಿ ತಮ್ಮ ಕಾವ್ಯವನ್ನು ಮುಗಿಸಿದ್ದು ವಚನಾಭ್ಯಾಸಿಗಳಿಗೆ ಸಂತೋಷದ ಸಂಗತಿ.

ಮುಗಿಲು ನಾಳೆ ಏನು ಮಾಡುವುದೋ ಯಾರೂ ಅರಿಯರು. ಇಂದು ಹೊಲವನ್ನು ಉಳಬೇಕು, ಕೆರೆಯ ಹೂಳನ್ನು ಎತ್ತಬೇಕು, ಹೆಚ್ಚಾದುದನ್ನು ನೆರೆಯವನಿಗೆ ಬಿಡಬೇಕು, ಲಿಂಗದ ಮುಂದೆ ಕುಳಿತು ಅಂಜಿಕೆಯನ್ನು ಅಂಜಿಕೆಯೆಂದೇ ಹೇಳಿಕೊಳ್ಳಬೇಕು. ಅಷ್ಟನ್ನು ಮಾಡಿದವನಿಗೆ ಮಳೆ ಬಂದೀತೆಂಬ ಭರವಸೆಯನ್ನು ಶರಣರು ಕೊಡರು. ಮಳೆ ಬಾರದ ದಿನವೂ ಅವನು ಒಬ್ಬಂಟಿಯಲ್ಲ ಎಂಬುದೇ ಅವರ ಅಭಯ.