ಅದಿರು ಊರು ಬಿಡದ ರಾಜ್ಯ: ವಕಾಂಡ ನೋಡುವವರಿಗೊಂದು ಕೈಪಿಡಿ

ಹಗರಿಬೊಮ್ಮನಹಳ್ಳಿಯಿಂದ ಹೊಸಪೇಟೆಗೆ ಹೋಗುವ ರೈಲು ಹಾದಿಯಲ್ಲಿ ಗುಂಡಾ ರೋಡ್ ಅಂತ ಒಂದು ಸಣ್ಣ ಜಂಕ್ಷನ್ ಸಿಗುತ್ತದೆ. ಅಲ್ಲಿ ಒಂದು ಹಳಿ ಕವಲೊಡೆದು ಸಂಡೂರು ಗುಡ್ಡಗಳ ಕಡೆ, ಸ್ವಾಮಿಹಳ್ಳಿಗೆ ಹೊರಳಿಕೊಳ್ಳುತ್ತದೆ. ಜನ ಓಡಾಡಿದ್ದಕ್ಕಿಂತ ಅದಿರು ಓಡಾಡಿದ್ದೇ ಹೆಚ್ಚಿನ ಹಳಿ ಅದು. ಈ ಕೈಪಿಡಿ ಆ ಹಳಿಯ ಆಸುಪಾಸಿನವರಿಗೆ: ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯವರಿಗೆ. ಬಯಲಾಟ ಗೊತ್ತು, ಗಣಿ ಗೊತ್ತು, ಮನೆಯ ಹುಡುಗರು ಮೊಬೈಲಿನಲ್ಲಿ ನೋಡುವ ಸೂಪರ್‌ಹೀರೋ ಸಿನಿಮಾ ಮಾತ್ರ ತಲೆಗೆ ಹತ್ತುವುದಿಲ್ಲ ಅನ್ನುವವರಿಗೆ. ಇಂಥ ಸಿನಿಮಾ ನೋಡುವುದನ್ನು ಕಲಿಯಲು ಒಂದೇ ಕತೆ ಸಾಕು, 2018ರ ‘ಬ್ಲ್ಯಾಕ್ ಪ್ಯಾಂಥರ್’. ನಿರ್ದೇಶಕ ರಯಾನ್ ಕೂಗ್ಲರ್, ರಾಜನ ಪಾತ್ರದಲ್ಲಿ ಚಾಡ್ವಿಕ್ ಬೋಸ್‌ಮನ್.

ಕತೆ ಇಷ್ಟು. ಆಫ್ರಿಕಾದಲ್ಲಿ ವಕಾಂಡ ಎಂಬ ರಾಜ್ಯ. ಯಾವ ಕಾಲದಲ್ಲೋ ಬಿದ್ದ ಉಲ್ಕೆಯಿಂದ ಅದರ ನೆಲದೊಳಗೆ ವೈಬ್ರೇನಿಯಂ ಎಂಬ ಲೋಹ ತುಂಬಿಕೊಂಡಿದೆ. ಬಿದ್ದ ಪೆಟ್ಟನ್ನು ನುಂಗುವ, ನುಂಗಿದ್ದನ್ನು ಕೂಡಿಟ್ಟುಕೊಂಡು ಬೇಕಾದಾಗ ತಿರುಗಿಸಿ ಕೊಡುವ ಲೋಹ. ಅಲ್ಲಿಯ ಬಟ್ಟೆ, ಆಯುಧ, ರೈಲು, ವಿಮಾನ, ವೈದ್ಯ ಎಲ್ಲವೂ ಅದರಿಂದಲೇ. ಹೊರಗಿನವರಿಗೆ ಕಾಣುವುದು ಮಾತ್ರ ದನ ಕಾಯುವ, ಹೊಲ ಮಾಡುವ ಬಡ ದೇಶ. ತಂದೆ ತೀರಿಕೊಂಡ ಮೇಲೆ ಟಿಚಾಲ ಪಟ್ಟಕ್ಕೆ ಬರುತ್ತಾನೆ. ಕರಿಚಿರತೆಯ ವೇಷ ತೊಟ್ಟು ಕಾದುವವನೂ ಅವನೇ. ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ ಎಂಬ ಅಮೆರಿಕದ ಇಬ್ಬರು 1966ರಲ್ಲಿ ‘ಫೆಂಟಾಸ್ಟಿಕ್ ಫೋರ್’ ಕಾಮಿಕ್ಸಿನ 52ನೇ ಸಂಚಿಕೆಯಲ್ಲಿ ಈ ರಾಜನನ್ನು ಮೊದಲು ತಂದರು. ತಮಾಷೆಯೆಂದರೆ ಲೋಹ ರಾಜ್ಯಕ್ಕಿಂತ ಕೆಲವು ತಿಂಗಳು ದೊಡ್ಡದು. ಅದೇ ವರ್ಷ ಬೇರೊಬ್ಬ ವೀರನ ಕಾಮಿಕ್ಸಿನಲ್ಲಿ ವೈಬ್ರೇನಿಯಂ ಆಗಲೇ ಬಂದಿತ್ತು, ಅದೂ ಅಂಟಾರ್ಕ್ಟಿಕಾದ ಕಡೆಯಿಂದ. ಆಫ್ರಿಕಾಕ್ಕೆ ಅದು ಬಂದದ್ದು ಆಮೇಲೆ. ಒಮ್ಮೆ ಬಂದ ಮೇಲೆ ಅದಕ್ಕೆ ಅರ್ಥ ಬಂತು.

ನೋಡಲು ಕುಳಿತಾಗ ಮೊದಲ ಮಾತು: ಈ ಲೋಹ ವಿಜ್ಞಾನಕ್ಕೆ ಹೊಂದುತ್ತದೆಯೇ ಅಂತ ಕೇಳಬೇಡಿ. ದೊಡ್ಡಾಟದಲ್ಲಿ ಶಿವ ವರ ಕೊಟ್ಟಾಗ ಅದು ಹೇಗೆ ಕೆಲಸ ಮಾಡುತ್ತದೆ ಅಂತ ಯಾರೂ ಕೇಳುವುದಿಲ್ಲ. ವರ ಸಿಕ್ಕವನು ಏನು ಮಾಡಿದ, ವರದಲ್ಲಿ ಎಲ್ಲಿ ಸಂದು ಉಳಿದಿತ್ತು, ಅಷ್ಟೇ ಕುತೂಹಲ. ಇಲ್ಲೂ ಅದೇ ಲೆಕ್ಕ. ವೈಬ್ರೇನಿಯಂಗೂ ಒಂದು ಸಂದು ಇದೆ, ಕಡೆಯ ಕಾಳಗದಲ್ಲಿ ಅದು ಹೊರಬೀಳುತ್ತದೆ.

ಪಾತ್ರಗಳ ಪ್ರವೇಶ ನೋಡುವುದನ್ನು ನಮ್ಮವರಿಗೆ ಹೇಳಿಕೊಡಬೇಕಿಲ್ಲ. ಅಡ್ಡ ಹಿಡಿದ ಪರದೆಯ ಹಿಂದೆ ಕಿರೀಟ ಮಾತ್ರ ಕಾಣುವುದು, ಮುಖವೀಣೆ, ಮದ್ದಳೆ ಜೋರಾಗುವುದು, ಪರದೆ ಸರಿದು ಭುಜಕೀರ್ತಿ, ಎದೆಕಟ್ಟಿನ ರಾಜ ಅಟ್ಟದ ಹಲಗೆ ನಡುಗುವ ಹಾಗೆ ಕುಣಿಯುವುದು, ಸಾರಥಿ ಬಂದು ತಾವು ಯಾರು, ಯಾವ ದೇಶದವರು ಅಂತ ಕೇಳುವುದು. ಟಿಚಾಲನ ಮೊದಲ ಕಾಳಗವನ್ನು ಆ ಕಣ್ಣಿನಿಂದಲೇ ನೋಡಿ. ರಾತ್ರಿ ಕಾಡು, ಲಾರಿಗಳ ಸಾಲು, ಕತ್ತಲು. ಪೂರ್ತಿ ವೇಷ ಒಮ್ಮೆಲೇ ಕಾಣುವುದಿಲ್ಲ. ಇನ್ನು ಅವನ ಹಿಂದೆ ಬಾರಿಸುವ ವಾದ್ಯವನ್ನು ಕಿವಿಗೊಟ್ಟು ಕೇಳಿ. ಸಂಗೀತಗಾರ ಲುಡ್ವಿಗ್ ಗೊರಾನ್ಸನ್ ಸೆನೆಗಲ್ ದೇಶಕ್ಕೆ ಹೋಗಿ, ಬಾಬಾ ಮಾಲ್ ಎಂಬ ಗಾಯಕನ ಜತೆ ತಿರುಗಾಡಿ ತಂದದ್ದು ಅದು. ಕಂಕುಳಲ್ಲಿ ಇಟ್ಟುಕೊಂಡು, ಹಗ್ಗ ಒತ್ತಿ ಸ್ವರ ಏರಿಸಿ ಇಳಿಸುವ ಚರ್ಮವಾದ್ಯ. ರಾಜನ ಹೆಸರನ್ನೇ ಆ ವಾದ್ಯ ನುಡಿಯುತ್ತದೆ. ಈ ಸಂಗೀತಕ್ಕೆ ಆಸ್ಕರ್ ಬಂತು. ಡಬ್ಬಿಂಗ್‌ನಲ್ಲಿ ನೋಡುವವರಿಗೆ ಒಂದು ನಷ್ಟವಿದೆ. ವಕಾಂಡದವರು ತಮ್ಮತಮ್ಮಲ್ಲಿ ಆಗಾಗ ಆಡುವ ಮಾತು ದಕ್ಷಿಣ ಆಫ್ರಿಕಾದ ಕೋಸಾ ಭಾಷೆ, ನಡುನಡುವೆ ನಾಲಿಗೆಯಿಂದ ಲೊಚ್ ಎನ್ನುವ ಸದ್ದು ಬರುವ ಭಾಷೆ. ಆ ಸದ್ದಿಗಾದರೂ ಮೂಲವನ್ನು ಒಮ್ಮೆ ಕೇಳಬೇಕು.

ಇದೆಲ್ಲ ಮೇಲಿನ ಮಾತಾಯಿತು. ಈ ಕತೆಯನ್ನು ರುಚಿ ಹತ್ತಿ ನೋಡಬೇಕಾದರೆ ವೀರನನ್ನು ಬಿಟ್ಟು ಲೋಹದ ಹಿಂದೆ ಹೋಗಬೇಕು. ಅದು ಯಾರ ನೆಲದ್ದು, ಯಾರ ಕೈಗೆ ಹೋಯಿತು, ಯಾವ ಹಾದಿಯಲ್ಲಿ ಹೋಯಿತು? ಇದೇ ಸರಣಿಯ ಹಿಂದಿನ ಚಿತ್ರ, 2011ರ ‘ಕ್ಯಾಪ್ಟನ್ ಅಮೆರಿಕ’ದಲ್ಲಿ ವೈಬ್ರೇನಿಯಂ ಒಬ್ಬ ಅಮೆರಿಕನ್ ವೀರನ ಗುರಾಣಿಯಾಗಿ ಬರುತ್ತದೆ. ಭೂಮಿಯ ಮೇಲೆ ಅತಿ ಅಪರೂಪದ ಲೋಹ, ನಮ್ಮ ಹತ್ತಿರ ಇರುವುದು ಇಷ್ಟೇ ಅನ್ನುತ್ತಾರೆ. ಎಲ್ಲಿಂದ ಬಂತು ಅಂತ ಯಾರೂ ಹೇಳುವುದಿಲ್ಲ. 2015ರ ಇನ್ನೊಂದು ಚಿತ್ರದಲ್ಲಿ ಕ್ಲಾ ಎಂಬ ದಂಧೆಕೋರ ಬರುತ್ತಾನೆ, ಅವನ ಹತ್ತಿರ ಕದ್ದ ವೈಬ್ರೇನಿಯಂ. ಆಗ ವಕಾಂಡ ಎಂಬ ಹೆಸರು ಸುಮ್ಮನೆ ಬಾಯಲ್ಲಿ ಬಂದು ಹೋಗುತ್ತದೆ. 2018ಕ್ಕೆ ಕ್ಯಾಮೆರಾ ಕೊನೆಗೂ ಗಣಿಯ ಊರಿಗೆ ಬರುತ್ತದೆ. ಮೊದಲು ಮಾಲು, ಆಮೇಲೆ ಕಳ್ಳ, ಕಟ್ಟಕಡೆಗೆ ಮಾಲೀಕ. ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟ ಅದಿರು 2010ರಲ್ಲಿ ಕಾಣೆಯಾದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದವರಿಗೆ ಈ ಅನುಕ್ರಮ ಹೊಸದೆನಿಸಲಿಕ್ಕಿಲ್ಲ.

ಇಲ್ಲಿ ಸಂಡೂರಿನ ಮಾತು ಬರಲೇಬೇಕು. ಗುಡ್ಡಗಳ ಕೋಟೆ ಸುತ್ತುವರಿದ ಕಣಿವೆ; ಒಳಗೆ ಹೋಗಲು ಭೀಮಗಂಡಿಯಂಥ ಇಕ್ಕಟ್ಟು ದಾರಿ, ನಾರಿಹಳ್ಳ ಗುಡ್ಡ ಸೀಳಿಕೊಂಡು ಹರಿಯುವ ಸಂದಿ. ಸುತ್ತಲೂ ಮದ್ರಾಸ್ ಪ್ರಾಂತ್ಯವಿದ್ದಾಗ ನಡುವೆ ಘೋರ್ಪಡೆ ಮನೆತನದ ಈ ಪುಟ್ಟ ರಾಜ್ಯ ಬೇರೆಯಾಗಿಯೇ ಉಳಿದಿತ್ತು. 161 ಚದರ ಮೈಲಿ, ಅಷ್ಟೇ. 1949ರಲ್ಲಿ ವಿಲೀನವಾಯಿತು. ಗುಡ್ಡದ ಮೇಲೆ ಕುಮಾರಸ್ವಾಮಿ, ಗುಡ್ಡದ ಹೊಟ್ಟೆಯಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್. ಬಚ್ಚಿಟ್ಟ ರಾಜ್ಯ, ಒಳಗೆ ಲೋಹ, ಕಾಯುವ ದೇವರು: ಜ್ಯಾಕ್ ಕರ್ಬಿ ಸಂಡೂರಿನ ನಕ್ಷೆ ನೋಡಿದ್ದರೆ ಅರ್ಧ ಕೆಲಸ ಉಳಿಯುತ್ತಿತ್ತು.

ಆದರೆ ಹೋಲಿಕೆ ಅಲ್ಲಿಗೆ ಮುಗಿಯುತ್ತದೆ. ಇಪ್ಪತ್ತನೇ ಶತಮಾನದ ಆರಂಭಕ್ಕೇ ಬೆಲ್ಜಿಯಂ ಮೂಲದ ಕಂಪನಿಯೊಂದು ಈ ಕಣಿವೆಯಲ್ಲಿ ಮ್ಯಾಂಗನೀಸ್ ತೆಗೆಯಲು ಬಂದಿತ್ತು. ಅದೇ ಕಾಲಕ್ಕೆ ಕಾಂಗೋ ಕೂಡ ಬೆಲ್ಜಿಯಂ ಕೈಯಲ್ಲಿತ್ತು. ಮುಂದೆ ಹಿರೋಷಿಮಾದ ಮೇಲೆ ಬಿದ್ದ ಬಾಂಬಿನ ಯುರೇನಿಯಂನ ದೊಡ್ಡ ಪಾಲು ಕಾಂಗೋದ ಶಿಂಕೊಲೊಬ್ವೆ ಗಣಿಯದು. ಸಂಡೂರಿನಲ್ಲಿ 1954ರಲ್ಲಿ ಸಂಡೂರು ಮ್ಯಾಂಗನೀಸ್ ಕಂಪನಿ ಶುರುವಾಯಿತು. ಎಪ್ಪತ್ತರ ದಶಕದಲ್ಲಿ ದೋಣಿಮಲೆಯ ಸರಕಾರಿ ಗಣಿ ಬಂತು, ಅದಿರು ಜಪಾನಿಗೆ ಹೋಯಿತು. 2000ದ ನಂತರ ಚೀನಾದ ಬೇಡಿಕೆ ಏರಿದಾಗ ಏನಾಯಿತೆಂದು ಈ ಭಾಗದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ತಾಡಪತ್ರಿ ಹೊದ್ದ ಲಾರಿಗಳ ಸಾಲು, ಹೊಸಪೇಟೆ ರಸ್ತೆಯ ಗುಂಡಿ, ಬೇವಿನ ಎಲೆಯಿಂದ ಹೆಂಚಿನವರೆಗೆ ಕೂತ ಕೆಂಧೂಳು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದದ್ದು 2011ರ ಜುಲೈನಲ್ಲಿ. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಿಂತದ್ದು ನಿಜ, ಎಲ್ಲವೂ ಹೊರಗೇ ಹೋಯಿತು ಅನ್ನಲಾಗದು. ಆದರೂ ಗುಡ್ಡ ಇಳಿದಷ್ಟು ಊರುಗಳು ಇಲ್ಲಿ ಏರಲಿಲ್ಲ.

ಹೀಗಾಗಿ ವಕಾಂಡದಲ್ಲಿ ನನಗೆ ದೊಡ್ಡ ಕಲ್ಪನೆ ಅನಿಸುವುದು ಹಾರುವ ವಿಮಾನವಲ್ಲ, ಗುಂಡು ತಾಗದ ವೇಷವೂ ಅಲ್ಲ. ಅದಿರು ಊರು ಬಿಡಲಿಲ್ಲ. ತೆಗೆದವರೇ ಕರಗಿಸಿದರು, ಕರಗಿಸಿದವರೇ ಉಪಕರಣ ಮಾಡಿದರು, ರಾಜನ ತಂಗಿ ಶೂರಿ ಗಣಿಯ ನೆತ್ತಿಯ ಮೇಲೇ ಪ್ರಯೋಗಶಾಲೆ ಇಟ್ಟುಕೊಂಡು ಕುಳಿತಳು. ಜಗತ್ತಿನ ಕೋಬಾಲ್ಟಿನ ಅರ್ಧಕ್ಕಿಂತ ಹೆಚ್ಚು ಇವತ್ತು ಕಾಂಗೋದಿಂದ ಬರುತ್ತದೆ, ನಮ್ಮ ಮೊಬೈಲಿನ ಬ್ಯಾಟರಿಗೂ ಅದು ಬೇಕು. ಮೊಬೈಲು ಮಾತ್ರ ಕಾಂಗೋದಲ್ಲಿ ತಯಾರಾಗುವುದಿಲ್ಲ. ಈ ಒಂದು ಸಂಗತಿ ತಲೆಯಲ್ಲಿಟ್ಟುಕೊಂಡು ಶೂರಿಯ ಪ್ರಯೋಗಶಾಲೆಯ ದೃಶ್ಯ ನೋಡಿ. ಅವಳು ಅಣ್ಣನನ್ನು ಛೇಡಿಸುತ್ತ ಸದ್ದು ಬರದ ಬೂಟು ತೋರಿಸುವ ಹಗುರ ದೃಶ್ಯ ಅದು. ಹುಡುಗರು ನಗುತ್ತಾರೆ, ನಗಲಿ.

ಲಂಡನ್ನಿನ ವಸ್ತುಸಂಗ್ರಹಾಲಯದ ದೃಶ್ಯವನ್ನು ಮಾತ್ರ ಎರಡು ಸಲ ನೋಡಿ. ಕಿಲ್‌ಮಂಗರ್ ಎಂಬ ಯುವಕ ಗಾಜಿನ ಪೆಟ್ಟಿಗೆಯೊಳಗಿನ ವಸ್ತುಗಳನ್ನು ನೋಡುತ್ತ ನಿಂತಿದ್ದಾನೆ, ಮೇಲ್ವಿಚಾರಕಿ ಒಂದೊಂದನ್ನೂ ವಿವರಿಸುತ್ತಾಳೆ. ಒಂದು ಹಳೆಯ ಆಯುಧದ ಹತ್ತಿರ ಬಂದಾಗ ಅವನು ಅವಳನ್ನು ತಿದ್ದುತ್ತಾನೆ: ಬ್ರಿಟಿಷ್ ಸೈನಿಕರು ಬೆನಿನ್‌ನಲ್ಲಿ ಕೈವಶ ಮಾಡಿಕೊಂಡದ್ದು ನಿಜ, ವಸ್ತು ವಕಾಂಡದ್ದು, ಲೋಹ ವೈಬ್ರೇನಿಯಂ. ಬೆನಿನ್ ಅರಮನೆಯನ್ನು ಬ್ರಿಟಿಷರು 1897ರಲ್ಲಿ ಲೂಟಿ ಮಾಡಿದ್ದು ಕತೆಯಲ್ಲ, ಇತಿಹಾಸ. ಅಲ್ಲಿಂದ ಹೊತ್ತೊಯ್ದ ಕಂಚಿನ ಶಿಲ್ಪಗಳು ಇವತ್ತಿಗೂ ಲಂಡನ್ನಿನಲ್ಲಿವೆ. ಆ ದೃಶ್ಯದಲ್ಲಿ ಕಾವಲುಗಾರರ ಕಣ್ಣು ಮೊದಲಿಂದಲೂ ಯಾರ ಮೇಲಿದೆ ಎಂಬುದನ್ನು ಗಮನಿಸಿ. ಅವರು ಗಾಜಿನ ಪೆಟ್ಟಿಗೆ ಕಾಯುತ್ತಿಲ್ಲ.

ವೇಷಭೂಷಣಕ್ಕೆ ಸ್ವಲ್ಪ ಹೊತ್ತು ಕೊಡಿ. ರೂತ್ ಕಾರ್ಟರ್ ಇದಕ್ಕೇ ಆಸ್ಕರ್ ಪಡೆದರು. ಗಡಿ ಕಾಯುವ ಪಂಗಡದವರು ಹೊದ್ದಿರುವುದು ಲೆಸೊಥೊದ ಬಸೊಥೊ ಜನರ ಕಂಬಳಿ, ಚಿತ್ರದಲ್ಲಿ ಅದೇ ಗುರಾಣಿಯೂ ಆಗುತ್ತದೆ. ಮೈಲಾರದ ಜಾತ್ರೆಯಲ್ಲಿ ಕಂಬಳಿ ನಿಲುವಂಗಿ ತೊಟ್ಟು, ಭಂಡಾರ ಹಚ್ಚಿಕೊಂಡು ಡಮರುಗ ಬಾರಿಸುವ ಗೊರವಯ್ಯಗಳನ್ನು ಕಂಡವರಿಗೆ ಕಂಬಳಿಗೆ ಇಂಥ ಪಟ್ಟ ಸಿಕ್ಕಿದ್ದು ವಿಚಿತ್ರ ಅನಿಸದು. ಕೆಮ್ಮಣ್ಣು ಮೆತ್ತಿದ ಜಡೆಯ ಹೆಂಗಸು ನಮೀಬಿಯಾದ ಹಿಂಬಾ ಜನರನ್ನು ನೆನಪಿಸುತ್ತಾಳೆ. ಹತ್ತಾರು ದೇಶಗಳ ಉಡುಗೆಯನ್ನು ಒಂದೇ ರಾಜ್ಯಕ್ಕೆ ಸೇರಿಸಿದ್ದು ಸರಿಯೇ? ಈ ತಕರಾರಿನಲ್ಲಿ ಹುರುಳಿದೆ. ಸಂಡೂರಿನ ಲಂಬಾಣಿ ಕಸೂತಿ, ಕೊಡಗಿನ ಕುಪ್ಪಸ, ಮಣಿಪುರದ ಲಂಗ ಮೂರನ್ನೂ ಒಂದೇ ಊರಿನವರಿಗೆ ತೊಡಿಸಿದರೆ ನಾವು ಸುಮ್ಮನಿರುತ್ತಿದ್ದೆವೇ? ಆದರೂ ಪ್ರತಿ ಬಟ್ಟೆಗೆ ಒಂದು ನಿಜವಾದ ಊರು ಇದೆ, ಅಂದಾಜಿನಲ್ಲಿ ಹೊಲಿದದ್ದಲ್ಲ. ನಾನು ಅಲ್ಲಿಗೆ ಬಿಟ್ಟುಕೊಡುತ್ತೇನೆ.

ಜಲಪಾತದ ಹತ್ತಿರ ಪಟ್ಟಾಭಿಷೇಕ ನಡೆಯುತ್ತದೆ. ರಾಜನಾಗುವವನು ಮೊದಲು ಒಂದು ಕಷಾಯ ಕುಡಿದು ತನ್ನ ಅತಿಮಾನುಷ ಬಲವನ್ನು ಕಳೆದುಕೊಳ್ಳಬೇಕು, ಆಮೇಲೆ ಸವಾಲು ಹಾಕಿದವರ ಜತೆ ಬರಿಮೈಯಲ್ಲಿ ಕಾದಬೇಕು. ಕಿಲ್‌ಮಂಗರ್ ಬಂದು ಸವಾಲು ಹಾಕುವುದು ಈ ಕಟ್ಟಳೆಯ ಪ್ರಕಾರವೇ, ಗೆಲ್ಲುವುದೂ ಕಟ್ಟಳೆಯ ಪ್ರಕಾರವೇ. ಅವನು ಟಿಚಾಲನ ಚಿಕ್ಕಪ್ಪನ ಮಗ, ಅಮೆರಿಕದ ಓಕ್‌ಲ್ಯಾಂಡ್‌ನಲ್ಲಿ ತಬ್ಬಲಿಯಾಗಿ ಬೆಳೆದವನು. ಜಗತ್ತಿನ ಕರಿಯರು ತುಳಿತಕ್ಕೆ ಸಿಕ್ಕಿರುವಾಗ ಲೋಹವನ್ನು ಬಚ್ಚಿಟ್ಟುಕೊಂಡು ಕುಳಿತಿರಲ್ಲ ಎಂಬುದು ಅವನ ಸಿಟ್ಟು. ನಮ್ಮ ಕಡೆ ಒಳ್ಳೆಯ ಕಲಾವಿದರು ಕೃಷ್ಣನಿಗಿಂತ ದುರ್ಯೋಧನ, ಕೀಚಕನ ವೇಷಕ್ಕೆ ಹಟ ಹಿಡಿಯುವುದುಂಟು, ಮೈಕಲ್ ಬಿ. ಜಾರ್ಡನ್ ಮಾಡಿದ ಈ ಪಾತ್ರ ಆ ಜಾತಿಯದು. ಎದುರಾಳಿಯ ಮಾತು ಅರ್ಧ ಸರಿ ಅನಿಸಿದರೆ ಆಟ ಸರಿಯಾಗಿ ನಡೆಯುತ್ತಿದೆ ಎಂದೇ ಲೆಕ್ಕ.

ಇನ್ನು ಕಡೆಯ ಕಾಳಗ. ಅದು ನಡೆಯುವುದು ಗಣಿಯೊಳಗೆ, ಅದಿರು ಸಾಗಿಸುವ ರೈಲು ಹಳಿಯ ಮೇಲೆ. ಹಸಿ ವೈಬ್ರೇನಿಯಂ ವೇಗವಾಗಿ ಸಾಗಿಸಲು ಅಪಾಯಕಾರಿ, ಆದ್ದರಿಂದ ರೈಲು ಹಾಯುವಾಗ ಅದರ ಶಕ್ತಿಯನ್ನು ತಾತ್ಕಾಲಿಕವಾಗಿ ಅಡಗಿಸುವ ವ್ಯವಸ್ಥೆಯನ್ನು ಶೂರಿ ಮಾಡಿದ್ದಾಳೆ. ಇದನ್ನು ಆಕೆ ಮೊದಲೇ ಮಾತಿನ ನಡುವೆ ಹೇಳಿರುತ್ತಾಳೆ, ಆಗ ಕಿವಿ ತೆರೆದಿಟ್ಟುಕೊಂಡಿರಿ. ಇಬ್ಬರೂ ಹಳಿಯ ಮೇಲೆ ಬಿದ್ದಾಗ ರೈಲು ಬರುತ್ತದೆ, ವೇಷಗಳು ಮೈಯಿಂದ ಹರಿದ ಹಾಗೆ ಕರಗುತ್ತವೆ, ಅಣ್ಣತಮ್ಮಂದಿರ ಬರಿ ಮೈ ಮತ್ತು ಗಾಯ ಕಾಣುತ್ತವೆ. ರೈಲು ದಾಟಿದ ಕೂಡಲೇ ವೇಷ ಮತ್ತೆ ಮೈಗೇರುತ್ತದೆ. ಸಂದು ಅಂತ ಹೇಳಿದ್ದು ಇದನ್ನೇ.

ಗ್ರಾಫಿಕ್ಸು ಅಲ್ಲಿ ಪೇಲವವಾಗಿದೆ, ವಿಡಿಯೋ ಗೇಮಿನ ಬೊಂಬೆಗಳು ಹೊಡೆದಾಡಿದಂತೆ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಇಷ್ಟು ದೊಡ್ಡ ಗಣಿಯಲ್ಲಿ ಅಗೆಯುವವರ ಕತೆ ಇಲ್ಲವೇ ಇಲ್ಲ. ರಾಜ, ರಾಣಿ, ಸೇನಾಪತಿ, ವಿಜ್ಞಾನಿ ಎಲ್ಲರೂ ಇದ್ದಾರೆ. ಗುದ್ದಲಿ ಹಿಡಿದವರು, ಧೂಳು ಕುಡಿದವರು, ದಿನಗೂಲಿ ಎಣಿಸಿಕೊಂಡವರು ಯಾರೂ ಇಲ್ಲ, ಧೂಳೂ ಇಲ್ಲ. ಗಣಿ ಊರಿನಲ್ಲಿ ಹುಟ್ಟದವರು ಬರೆದ ಗಣಿ ಕತೆ ಅನ್ನುವುದು ಇಲ್ಲಿ ಗೊತ್ತಾಗಿಬಿಡುತ್ತದೆ.

ಎರಡನೇ ಭಾಗ ‘ವಕಾಂಡ ಫಾರೆವರ್’ 2022ರ ನವೆಂಬರ್‌ನಲ್ಲಿ ಬಂತು. ಬೋಸ್‌ಮನ್ 2020ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು, ಚಿತ್ರ ರಾಜನ ಸಾವಿನಿಂದಲೇ ಶುರುವಾಗುತ್ತದೆ. ಚಿತ್ರ ಬಂದ 2022ರದೇ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ ಅದಿರು ರಫ್ತಿಗೆ ಮತ್ತೆ ಅವಕಾಶ ಕೊಟ್ಟಿತ್ತು. ಅದಿರು ಯಾರಿಗೆ ಎಂಬುದೇ ಚಿತ್ರದ ಮೊದಲ ಜಗಳವೂ ಹೌದು. ವಿಶ್ವಸಂಸ್ಥೆಯ ಸಭೆಯಲ್ಲಿ ದೊಡ್ಡ ದೇಶಗಳು ವೈಬ್ರೇನಿಯಂ ಹಂಚಿಕೊಳ್ಳಿ ಅಂತ ನಯವಾಗಿ ಕೇಳುತ್ತಿರುವಾಗಲೇ ಅವರ ಸೈನಿಕರು ಕದಿಯಲು ಹೋಗಿ ಸಿಕ್ಕಿಬಿದ್ದಿರುತ್ತಾರೆ. ರಾಣಿ ರಮೊಂಡ ಅವರನ್ನು ಸಭೆಯ ನಡುವೆ ತಂದು ಮಂಡಿಯೂರಿಸುತ್ತಾಳೆ. ಏಂಜೆಲಾ ಬ್ಯಾಸೆಟ್ ಅಭಿನಯಕ್ಕೆ ಆ ಒಂದು ದೃಶ್ಯ ಸಾಕು. ಇನ್ನೊಂದು ಕಡೆ ಸಮುದ್ರದ ತಳದಲ್ಲಿ ಲೋಹ ಹುಡುಕುವ ಯಂತ್ರ. ಅದನ್ನು ಮಾಡಿದವಳು ಕಾಲೇಜು ಹುಡುಗಿ, ಪಾಠದ ಕೆಲಸಕ್ಕೆಂದು ಮಾಡಿದ್ದು. ಯಂತ್ರ ಸರಕಾರದ ಕೈಸೇರಿದೆ, ಕುತ್ತು ಬಂದದ್ದು ಹುಡುಗಿಯ ತಲೆಗೆ. ಇಷ್ಟನ್ನು ಗಮನಕೊಟ್ಟು ನೋಡಿ. ಕಡಲ ಮೇಲಿನ ಕೊನೆಯ ಯುದ್ಧ ಮಾತ್ರ ಬಹಳ ಎಳೆದಿದ್ದಾರೆ. ಬಯಲಾಟದ ನಡುರಾತ್ರಿ ಮಾಡುವಂತೆ ಎದ್ದು ಹೋಗಿ ಮಂಡಾಳು ಒಗ್ಗರಣೆ, ಎರಡು ಮಿರ್ಚಿ ತಿಂದು ಬಂದರೂ ಕತೆ ಅಲ್ಲೇ ಇರುತ್ತದೆ.